ಮುಖ ನೋಡಿ ಹೇಳಿದ ಮಾತು

ಆ ಮನೆಯ ಗುಟ್ಟು ರಟ್ಟಾದದ್ದು ಆಲೂಗಡ್ಡೆಯ ಬಟ್ಟಲು ಮೇಜಿನ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ. ಅವತ್ತು ಭಾನುವಾರ ಮಧ್ಯಾಹ್ನ. ಗಂಡ, ಹೆಂಡತಿ, ಗಂಡನ ತಾಯಿ, ಮಗಳು, ನಾಲ್ವರೂ ಒಟ್ಟಿಗೆ ಊಟಕ್ಕೆ ಕೂರುವುದು ವಾರದಲ್ಲಿ ಅದೊಂದೇ ಹೊತ್ತು. ದಿನಾ ಹಾಗೆ ಕೂರುವ ಮನೆಯಾಗಿದ್ದರೆ ಬಣ್ಣ ಇನ್ನೂ ಬೇಗ ಬಯಲಾಗುತ್ತಿತ್ತು.

ಅಜ್ಜಿ ಬಟ್ಟಲನ್ನು ಸೊಸೆಯ ಕಡೆ ತಳ್ಳುತ್ತ, "ಇದೊಂದು ವರ್ಷ ಹೇಗೋ ಕಳೆದುಬಿಡ್ಲಿ. ಶೋರೂಮ್ ರಿಪೇರಿ ಮುಗಿದ್ರೆ ಇವನನ್ನ ಮತ್ತೆ ಕರೀತಾರಂತಲ್ಲ. ಅಲ್ಲೀವರೆಗೂ ಮಕ್ಕಳ ಮೂಗು ಒರೆಸ್ಕೊಂಡಿರ್ಲಿ ಬಿಡು," ಎಂದಳು.

"ಯಾವ ರಿಪೇರಿ ಅತ್ತೆ?" ಎಂದಳು ಸೊಸೆ. "ಇವರು ಸೇರಿರೋ ಆ ನರ್ಸರಿ ಶಾಲೆಯೋರು ಎರಡನೇ ಬ್ರಾಂಚ್ ತೆಗೀತಿದಾರೆ. ಬರೋ ವರ್ಷ ಇವರೇ ಅದಕ್ಕೆ ಹೆಡ್ಡು."

ಮಗಳು ಚಮಚ ಕೆಳಗಿಟ್ಟಳು. "ಅಪ್ಪನ್ನ ಶೋರೂಮಿಂದ ತೆಗೆದುಹಾಕಿದ್ರು ಅಲ್ವಾ? ಅಮ್ಮನಿಗೆ ಹೇಳ್ಬೇಡ, ನೊಂದ್ಕೋತಾಳೆ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ದ."

ಬಟ್ಟಲು ಅವನ ಮುಂದೆ ಬಂದು ನಿಂತಿತು. ಅವನು ಒಂದು ಆಲೂಗಡ್ಡೆ ತೆಗೆದುಕೊಂಡು ಅದರ ಸಿಪ್ಪೆಯನ್ನು ಬಹಳ ಶ್ರದ್ಧೆಯಿಂದ ಸುಲಿಯತೊಡಗಿದ.

ಬೀದಿಯಲ್ಲಿ ಅವನಿಗೆ ಗ್ಯಾರಂಟಿ ಎಂದೇ ಹೆಸರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಫ್ರಿಜ್ಜು, ವಾಷಿಂಗ್ ಮೆಷಿನ್ನು ಮಾರಿದವನು. ಗಿರಾಕಿ ಗಾಜಿನ ಬಾಗಿಲು ದೂಡಿಕೊಂಡು ಒಳಗೆ ಬರುವಷ್ಟರಲ್ಲಿ ಮುಖ ನೋಡಿ, ಏನು ಹೇಳಿದರೆ ಇವರು ನಗುನಗುತ್ತ ಮನೆಗೆ ಹೋಗುತ್ತಾರೆ ಎಂದು ಅವನಿಗೆ ತಿಳಿದುಬಿಡುತ್ತಿತ್ತು. ಹೊಸದಾಗಿ ಮದುವೆಯಾದವರಿಗೆ, ಈ ಮೆಷಿನ್ನು ಸದ್ದೇ ಮಾಡುವುದಿಲ್ಲ. ಕಿವಿ ಮಂದವಾದ ಮುದುಕರಿಗೆ, ಇದೇ ಮೆಷಿನ್ನು ಬಟ್ಟೆ ಒಗೆದು ಮುಗಿದ ಕೂಡಲೇ ಜೋರಾಗಿ ಕೂಗುತ್ತದೆ. ಎರಡಕ್ಕೂ ಕೊನೆಯಲ್ಲಿ, "ನಾನ್ ಗ್ಯಾರಂಟಿ." ಅವನು ಕೆಟ್ಟವನೇನಲ್ಲ. ಎದುರಿಗಿದ್ದವರ ಮುಖ ಬಾಡಿದರೆ ಅವನಿಂದ ತಡೆಯಲು ಆಗುತ್ತಿರಲಿಲ್ಲ, ಅಷ್ಟೆ. ಇಂಥವರು ಪ್ರಯಾಣದಲ್ಲಿ ಪಕ್ಕದಲ್ಲಿ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಕಟ್ಟಿಕೊಂಡರೆ ಮಾತ್ರ ಕಷ್ಟ.

ಕಟ್ಟಿಕೊಂಡವಳು ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಹಲ್ಲು ಕೂದಲೆಳೆಯಷ್ಟು ಎತ್ತರವಾದರೂ ಬಾಯಿ ಮುಚ್ಚುವುದಿಲ್ಲ, ವಾಪಸ್ಸು ಬರುತ್ತದೆ. ಅವಳಿಗೆ ಮಾತೂ ಹಾಗೆಯೇ ಸರಿಯಾಗಿ ಕೂರಬೇಕು.

"ಹೇಳಿ," ಎಂದಳು. "ರಿಪೇರಿನಾ, ಬ್ರಾಂಚಾ, ತೆಗೆದುಹಾಕಿದ್ದಾ? ನಂಗೆ ಮಾರಿದ್ದು ಯಾವ ಮಾಡೆಲ್ಲು?"

"ಯಾವುದೂ ಅಲ್ಲ. ನಾನೇ ಬಿಟ್ಟೆ."

"ಹಾಗಾದ್ರೆ ಹೋದ ವರ್ಷವೆಲ್ಲ ಸಂಜೆ ಸಂಜೆ ಸ್ಟಾಕ್ ಎಣಿಸೋಕೆ ಅಂತ ಹೋಗ್ತಿದ್ದದ್ದು?"

"ಅದು ಟೀಚರ್ ಟ್ರೈನಿಂಗು."

"ಅಯ್ಯೋ ನಿನ್ನ!" ಎಂದಳು ಅಜ್ಜಿ. "ಯಾರನ್ನೋ ಇಟ್ಕೊಂಡಿದೀಯ ಅಂತ ನಾನು ಒಳಗೊಳಗೇ ಕೊರಗ್ತಿದ್ದೆನಲ್ಲೋ!"

ಸೊಸೆ ಅತ್ತೆಯ ಕಡೆ ತಿರುಗಿದಳು. "ಹಾಗೆ ಅಂದ್ಕೊಂಡೂ ನಂಗೊಂದು ಮಾತು ಹೇಳ್ಲಿಲ್ವಾ ಅತ್ತೆ?"

ಅಜ್ಜಿಗೆ ತಕ್ಷಣ ಕೆಮ್ಮು ಬಂತು. ಮಗಳು ನೀರು ಕೊಟ್ಟಳು. ಅದೇ ಸಂದಿನಲ್ಲಿ ಅವನು ಬಾಯಿಬಿಟ್ಟ. "ಶೋರೂಮಿಗೆ ಬಂದ ಗಂಡ ಹೆಂಡತಿ ಬೆಲೆ ಮಾತಾಡೋವಾಗ ಅವರ ಮಕ್ಕಳನ್ನ ನಾನು ನೋಡ್ಕೋತಿದ್ದೆ. ಫ್ರಿಜ್ಜಿನ ಖಾಲಿ ರಟ್ಟಿನ ಪೆಟ್ಟಿಗೆಗೆ ಕಿಟಕಿ ಕೊರೆದು ಕೊಡ್ತಿದ್ದೆ. ಅವರು ಒಳಗೆ ಕೂತು ಅಂಗಡಿ ಆಡೋರು, ನಾನು ಗಿರಾಕಿ. ಇಡೀ ದಿನದಲ್ಲಿ ಅದೊಂದು ಹೊತ್ತು ನಾನು ಯಾರಿಗೂ ರೈಲು ಬಿಡ್ತಿರಲಿಲ್ಲ. ಬರ್ತಾ ಬರ್ತಾ ಆ ಹೊತ್ತಿಗೋಸ್ಕರಾನೇ ಕೆಲಸಕ್ಕೆ ಹೋಗ್ತಿದ್ದೆ. ಈ ವಯಸ್ಸಿಗೆ ಅದು ಗೊತ್ತಾಯ್ತು. ಏನು ಮಾಡ್ಲಿ ಹೇಳು?"

"ಇಷ್ಟನ್ನ ನನ್ನ ಹತ್ರ ಹೇಳೋಕೆ ಏನಾಗಿತ್ತು?"

"ನೀನು ಬೇಡ ಅಂತಿದ್ದೆ."

"ಅಂತಿದ್ದೆ. ಜಗಳ ಆಡ್ತಿದ್ದೆ, ಅಳ್ತಿದ್ದೆ, ಆಮೇಲೆ ಒಪ್ತಿದ್ನೋ ಏನೋ. ಅದೆಲ್ಲ ಮಾಡೋಕೆ ನಂಗೆ ಜಾಗಾನೇ ಬಿಡ್ಲಿಲ್ಲ ನೀವು." ಎಲ್ಲರೆದುರು ಅಳುವುದು ಅವಳಿಗೆ ಆಗದ ಕೆಲಸ, ತಟ್ಟೆಗಳನ್ನು ಎತ್ತಿಕೊಂಡು ಎದ್ದಳು. ಊಟ ಮುಗಿದಿರಲಿಲ್ಲ, ಆದರೂ ಯಾರೂ ತಟ್ಟೆ ಬಿಡೆನ್ನಲಿಲ್ಲ.

ಸಂಜೆ ಬಟ್ಟೆ ಮಡಿಸುತ್ತ ತೀರ್ಮಾನ ಹೇಳಿದಳು. ಶಾಲೆಯಲ್ಲಿ ಅವನು ಈಗ ಇರುವುದು ಪ್ರೊಬೇಷನ್ ಮೇಲೆ. ಟರ್ಮ್ ಮುಗಿಯುವ ಹೊತ್ತಿಗೆ ಕಾಯಂ ಮಾಡಿದರೆ ಸರಿ. ಮಾಡದಿದ್ದರೆ ತುಟಿಪಿಟಕ್ಕೆನ್ನದೆ ಶೋರೂಮಿಗೆ ವಾಪಸ್ಸು. "ಇನ್ನೊಂದು ಸುಳ್ಳು ಸಿಕ್ಕಿದ್ರೆ, ನೀವು ಎಲ್ಲಿ ಕೆಲಸ ಮಾಡಿದ್ರೂ ನಂಗೆ ಸಂಬಂಧ ಇಲ್ಲ. ಈ ಮನೇಲಿ ನಾನೂ ಇರ್ತೀನಿ, ನೀವೂ ಇರ್ತೀರಿ, ಬಾಡಿಗೆದಾರರ ಥರ."

ಅವಳು ಹೇಳಿದ್ದನ್ನು ಮಾಡುವವಳು.

ಅಲ್ಲಿಂದ ಮನೆಯಲ್ಲಿ ಮಾತು ಎಂದರೆ ಗ್ಯಾಸು, ಹಾಲು, ಇಸ್ತ್ರಿ. ನರ್ಸರಿಯ ಸಂಬಳ ಮೊದಲಿನದರ ಅರ್ಧವೂ ಇರಲಿಲ್ಲ, ಮಗಳು ಮುಂದಿನ ವರ್ಷ ಕಾಲೇಜು ಸೇರುವವಳು. ಹೆಂಡತಿ ಲ್ಯಾಬಿನಲ್ಲಿ ಹೆಚ್ಚುವರಿ ಕೆಲಸ ಒಪ್ಪಿಕೊಂಡಳು; ಸಂಜೆ ಮನೆಗೆ ಬಂದಾಗ ಕೂದಲಿನ ತುಂಬ ಪ್ಲಾಸ್ಟರ್ ಪುಡಿ. ಅಡುಗೆ, ಬಟ್ಟೆ ಅವನ ಪಾಲಿಗೆ ಬಂತು. ಮೊಟ್ಟೆ ಕಡಿಮೆಯಾಯಿತು, ಆಲೂಗಡ್ಡೆ ಹೆಚ್ಚಾಯಿತು. "ಇನ್ನು ಸ್ವಲ್ಪ ದಿನ ಹೀಗೇ ಹೋದ್ರೆ ನಂಗೇ ಮೊಳಕೆ ಬರತ್ತೆ," ಎಂದಳು ಅಜ್ಜಿ.

ಮಗಳ ಸಿಟ್ಟು ಬೇರೆ ಥರದ್ದು. ಅವಳು ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂತರೆ, ಅಪ್ಪ ಇನ್ನೊಂದು ತುದಿಯಲ್ಲಿ ಬಣ್ಣದ ಕಾಗದ ಕತ್ತರಿಸಿ ಮೀನು ಮಾಡುತ್ತಿದ್ದ.

"ಅಪ್ಪ, ಆ ಅಂಟಿನ ಕೈಲಿ ನನ್ನ ಲೆಕ್ಕದ ಪುಸ್ತಕ ಮುಟ್ಬೇಡ."

"ಮುಟ್ಟಲ್ಲ. ಈ ಮೀನಿಗೆ ಕಣ್ಣು ಎಲ್ಲಿಡ್ಲಿ ಹೇಳು?"

"ನಂಗೇನು ಗೊತ್ತು? ನಿನ್ನ ಕೆಲಸ ಹೋಗಿದೆ ಅಂತ ನಾನು ಹೊಸ ಶೂ ಬೇಡ ಅಂದಿದ್ದೆ. ಪಿಕ್ನಿಕ್ಕಿಗೂ ಹೋಗ್ಲಿಲ್ಲ. ನಿಂಗೆ ಬೇಜಾರಾಗಬಾರ್ದು ಅಂತ ಮನೇಲಿ ಸುಮ್ಮ್‌ಸುಮ್ಮನೆ ನಗ್ತಿದ್ದೆ." ಅವಳು ಪುಸ್ತಕ ಮುಚ್ಚಿ ಒಳಗೆ ಹೋದಳು. ಮೀನು ಕಣ್ಣಿಲ್ಲದೆಯೇ ಶಾಲೆಗೆ ಹೋಯಿತು.

ಈ ನಡುವೆ ಶೋರೂಮಿನ ಯಜಮಾನ ಅವನ ಫೋನು ಬಿಟ್ಟು ನೇರವಾಗಿ ಅಜ್ಜಿಗೇ ಫೋನು ಮಾಡಿದ. ಆ ಮನುಷ್ಯನಿಗೂ ಯಾರಿಗೆ ಏನು ಮಾರಬೇಕೆಂದು ಗೊತ್ತು. ಗ್ಯಾರಂಟಿ ಹೋದ ಮೇಲೆ ವ್ಯಾಪಾರ ಬಿದ್ದಿದೆ, ಅವನ ಜಾಗಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ, ಟರ್ಮಿನ ಕೊನೆಯ ಶನಿವಾರದ ತನಕ ಕಾಯುತ್ತೇನೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ. ಅಜ್ಜಿ ಇದನ್ನು ದಿನಕ್ಕೊಂದು ಸಲ ಯಾರ ಕಡೆಗೂ ನೋಡದೆ ಗಾಳಿಗೆ ಹೇಳುತ್ತಿದ್ದಳು.

ಶಾಲೆ ಬಸ್ ಡಿಪೋದ ಹಿಂದಿನ ಬೀದಿಯಲ್ಲಿತ್ತು. ಹಳೆಯ ಎರಡಂತಸ್ತಿನ ಮನೆ, ಕೆಳಗೆ ಮಕ್ಕಳು, ಮೇಲೆ ಹೆಡ್ ಮೇಡಂ. ಅವನ ಕ್ಲಾಸಿನದು ಹಲಗೆ ಹಾಸಿದ ನೆಲ, ಒಂದು ಮೂಲೆಯಲ್ಲಿ ದಪ್ಪ ಚಾಪೆ, ಮೊಣಕಾಲೆತ್ತರದ ಕುರ್ಚಿಗಳು. ಅವನ ಕೈಗೆ ನಾಲ್ಕು ವರ್ಷದವರು. ಬಲಗಾಲಿನ ಬೂಟು ಎಡಗಾಲಿಗೆ, ಮೂಗಿನದ್ದು ತೋಳಿಗೆ, ಅಂಟು ಎಲ್ಲದಕ್ಕೂ. ಬೆಳಿಗ್ಗೆ ಅಮ್ಮಂದಿರ ಕಾಲು ಹಿಡಿದು ಬಿಡದವರು ಹೊತ್ತು ಏರುವಷ್ಟರಲ್ಲಿ ಅವನ ಬೆನ್ನ ಮೇಲಿರುತ್ತಿದ್ದರು. ಅವನು ಅಷ್ಟು ಸುಖವಾಗಿ ಜನ್ಮದಲ್ಲಿ ದಣಿದಿರಲಿಲ್ಲ. ಅದನ್ನು ಮನೆಯಲ್ಲಿ ಹೇಳುವ ಮುಖ ಮಾತ್ರ ಅವನಿಗಿರಲಿಲ್ಲ.

ಹಳೆಯ ಚಾಳಿ ಗೇಟಿನ ಹತ್ತಿರ ಕಾದು ಕೂತಿತ್ತು. ಮಧ್ಯಾಹ್ನ ಮಕ್ಕಳನ್ನು ಕರೆದೊಯ್ಯಲು ಬರುವ ತಂದೆತಾಯಿ ಎಂದರೆ ಬಾಗಿಲು ದೂಡಿ ಬಂದ ಗಿರಾಕಿಯ ಹಾಗೆಯೇ. ದಣಿದ ಮುಖ, ಏನಾದರೂ ಒಳ್ಳೆಯದು ಕೇಳುವ ಆಸೆ. "ನನ್ನ ಕ್ಲಾಸಲ್ಲಿ ನಿಮ್ಮ ಮಗಳೇ ಫಸ್ಟು," ಎಂದ ಒಬ್ಬರಿಗೆ. ಇನ್ನೊಬ್ಬರಿಗೆ, "ನಿಮ್ಮ ಮಗನ ಥರ ಇನ್ನೊಬ್ಬ ಇಲ್ಲ, ನಾನ್ ಗ್ಯಾರಂಟಿ." ಇನ್ನೊಬ್ಬರಿಗೂ ಅದೇ. ಶೋರೂಮಿನಲ್ಲಿ ಗಿರಾಕಿಗಳು ಒಬ್ಬರನ್ನೊಬ್ಬರು ಮತ್ತೆ ನೋಡುವುದಿಲ್ಲ. ಇಲ್ಲಿ ದಿನಾ ಒಂದೇ ಗೇಟು. ಮೂವರು ತಾಯಂದಿರು ಮಾತಾಡಿಕೊಂಡರು, ಮೂವರ ಮಕ್ಕಳೂ ಫಸ್ಟು. ನಗು ಬಂದವರು ನಕ್ಕರು, ಬಾರದವರು ಮಹಡಿ ಹತ್ತಿದರು.

ಹೆಡ್ ಮೇಡಂ ಅವನನ್ನು ಕೂರಿಸಲಿಲ್ಲ. "ಮಕ್ಕಳ ಜೊತೆ ನಿಮ್ಮಷ್ಟು ಚೆನ್ನಾಗಿರೋರನ್ನ ನಾನು ನೋಡಿಲ್ಲ. ಅದಕ್ಕೇ ಇನ್ನೂ ಇಟ್ಕೊಂಡಿದೀನಿ. ಆದ್ರೆ ಅಪ್ಪ ಅಮ್ಮಂದಿರ ಕಿವಿ ಮೇಲೆ ಹೂ ಇಡೋದು ಇವತ್ತಿಗೇ ಕೊನೆ. ಇನ್ನೊಂದು ದೂರು ಬಂದ್ರೆ ಕಾಯಂ ಮಾಡೋ ಮಾತು ಮರೆತುಬಿಡಿ."

"ಬರಲ್ಲ ಮೇಡಂ. ನಾನ್..." ಎಂದು ನಾಲಿಗೆ ಕಚ್ಚಿಕೊಂಡ.

ಅವನ ಕ್ಲಾಸಿನಲ್ಲೊಬ್ಬ ಹುಡುಗನಿದ್ದ. ಮಳೆಯಿರಲಿ ಬಿಸಿಲಿರಲಿ ಕೆಂಪು ರಬ್ಬರ್ ಬೂಟು ಬಿಚ್ಚದವನು, ಎಲ್ಲರೂ ಅವನನ್ನು ಕರೆಯುತ್ತಿದ್ದದ್ದೂ ಕೆಂಪು ಬೂಟು ಎಂದೇ. ಮಾತಾಡುತ್ತಿರಲಿಲ್ಲ. ಅಂ, ಊಂ ಎನ್ನುವಂಥ ಒಂದೆರಡು ಸದ್ದು, ಮಿಕ್ಕಿದ್ದು ನಗು. ಬೇರೆಯವರು ಕುಣಿದರೆ ಕುಣಿಯುತ್ತಿದ್ದ, ಕೂತರೆ ಕೂರುತ್ತಿದ್ದ. ಅವನ ತಾಯಿ ಬಸ್ ಕಂಡಕ್ಟರ್, ಖಾಕಿಯಲ್ಲೇ ಓಡಿ ಬರುತ್ತಿದ್ದಳು. ಟರ್ಮಿನ ಮೊದಲ ವಾರಗಳಲ್ಲೇ ಅವಳು ಗೇಟಿನಲ್ಲಿ ಹೆದರಿಕೊಂಡು ಕೇಳಿದ್ದಳು, "ಸಾರ್, ಇವನ ವಯಸ್ಸಿನೋರೆಲ್ಲ ಪಟಪಟ ಅಂತಾರೆ. ಇವನಿಗೇನಾದ್ರೂ ತೊಂದರೆ ಇರಬಹುದಾ?" ಅವಳ ಮುಖ ನೋಡಿದ ಗ್ಯಾರಂಟಿ, "ತಡವಾಗಿ ಮಾತಾಡೋರೇ ಜಾಣರಾಗೋದು ಅಮ್ಮ. ಟರ್ಮ್ ಮುಗಿಯೋದರೊಳಗೆ ಬಾಯಿ ಮುಚ್ಚು ಅಂತ ನೀವೇ ಬೈತೀರಿ, ನಾನ್ ಗ್ಯಾರಂಟಿ," ಎಂದಿದ್ದ. ಆ ಮುಖ ಅರಳಿದ್ದು ನೋಡಿ ಅವನಿಗೂ ಖುಷಿಯಾಗಿತ್ತು.

ಟರ್ಮ್ ಮುಗಿಯಲು ಬಂದಾಗ ಒಂದು ಬೆಳಿಗ್ಗೆ ಕಪಾಟಿನ ಮೇಲಿದ್ದ ತಗಡಿನ ತಟ್ಟೆಗಳ ರಾಶಿ ಕಲ್ಲಿನ ಹೊಸ್ತಿಲ ಮೇಲೆ ಧಡಧಡನೆ ಬಿತ್ತು. ಮಕ್ಕಳೆಲ್ಲ ಕಿರುಚಿದರು. ಒಬ್ಬಳು ಅಳುತ್ತ ಅವನ ಕಾಲಿಗೆ ಜೋತುಬಿದ್ದಳು. ಅಷ್ಟು ದೂರದಲ್ಲಿ, ದಪ್ಪ ಚಾಪೆಯ ಮೇಲೆ, ಕೆಂಪು ಬೂಟು ಬೆನ್ನು ತಿರುಗಿಸಿ ಕೂತು ಹಳದಿ ಬಣ್ಣದಲ್ಲಿ ಏನೋ ಬಳಿಯುತ್ತಿದ್ದ. ಕೈ ಕೂಡ ಅಲುಗಲಿಲ್ಲ.

ಗ್ಯಾರಂಟಿ ಅವನ ಹಿಂದೆ ಹೋಗಿ ನಿಂತು ಕರೆದ. ಚಪ್ಪಾಳೆ ತಟ್ಟಿದ. ಎರಡು ತಟ್ಟೆ ಎತ್ತಿಕೊಂಡು ತಲೆಯ ಹಿಂದೆಯೇ ಬಡಿದ. ಹುಡುಗ ಬ್ರಶ್ಶನ್ನು ನೀರಿಗೆ ಅದ್ದಿದ. ಆಮೇಲೆ ಗ್ಯಾರಂಟಿ ಹಲಗೆಯ ನೆಲಕ್ಕೆ ಅವನನ್ನು ಎತ್ತಿ ತಂದು, ಹಿಂದೆ ನಿಂತು ಕಾಲು ಅಪ್ಪಳಿಸಿದ. ತಕ್ಷಣ ಹುಡುಗ ತಿರುಗಿ ನಕ್ಕ. ಇಷ್ಟು ದಿನ ಎಲ್ಲರೂ ಮೋಸಹೋದದ್ದು ಹೀಗೆ. ಬಾಗಿಲು ಬಡಿದರೆ, ಯಾರಾದರೂ ಓಡಿದರೆ ತಿರುಗುತ್ತಿದ್ದ. ಕಿವಿಗೆ ಕೇಳಿಸಿದ್ದಲ್ಲ, ಅದುರುವ ಹಲಗೆ ಅವನ ಬೂಟಿಗೆ ಹೇಳುತ್ತಿತ್ತು. ಗ್ಯಾರಂಟಿ ಚಿಕ್ಕ ಕುರ್ಚಿಯ ಮೇಲೆ ಕುಸಿದು ಕೂತ.

ಮಧ್ಯಾಹ್ನ ಕಂಡಕ್ಟರ್ ಬಂದಳು. ಹೇಳಿಬಿಡಬೇಕೆಂದು ಗೇಟಿಗೆ ಹೋದವನು ಬಾಯಿ ತೆರೆಯುವ ಮೊದಲೇ ಅವಳು, "ನೀವು ಧೈರ್ಯ ಹೇಳಿದ್ಮೇಲೆ ನಂಗೆ ನಿದ್ದೆ ಬರ್ತಿದೆ ಸಾರ್," ಎಂದಳು. "ದೊಡ್ಡಾಸ್ಪತ್ರೇಲಿ ಹೇಗೋ ಮಾಡಿ ಡಾಕ್ಟರ್ ನೋಡೋಕೆ ದಿನ ತಗೊಂಡಿದ್ದೆ. ರಜಾ ಕೊಡಲ್ಲ ಅಂದ್ರು, ನೀವೂ ಏನಿಲ್ಲ ಅಂದ್ರಲ್ಲ, ಹೋಗ್ಲಿ ಅಂತ ಬಿಟ್ಟುಬಿಟ್ಟೆ. ಇವತ್ತು ಹೇಗಿದ್ದ?"

"ಚೆನ್ನಾಗಿದ್ದ," ಎಂದಿತು ಅವನ ಬಾಯಿ.

ಆ ಸಂಜೆ ಅವನು ಬೀನ್ಸ್ ತಳ ಹಿಡಿಸಿದ. ಅಜ್ಜಿ ಒಂದು ತುತ್ತು ತಿಂದು, "ಇದ್ದಿಲು ಹಲ್ಲಿಗೆ ಒಳ್ಳೇದಂತೆ," ಎಂದಳು. ಯಾರೂ ನಗಲಿಲ್ಲ. ಅವನು ತಟ್ಟೆ ಮುಟ್ಟದೆ ಕೂತಿದ್ದ.

"ಏನಾಯ್ತು?" ಎಂದಳು ಹೆಂಡತಿ.

"ಏನಿಲ್ಲ."

ಅವಳು ನೀರಿನ ಲೋಟ ಕೆಳಗಿಟ್ಟಳು. "ಏನಿಲ್ಲ ಅಂದ್ರಿ. ಬರ್ಕೊಳ್ಲಾ ಇದನ್ನ ಲೆಕ್ಕಕ್ಕೆ?"

ಅವನು ತಲೆ ತಗ್ಗಿಸಿಕೊಂಡೇ ಹೇಳಿದ. ಗೇಟಿನಲ್ಲಿ ಕೊಟ್ಟ ಮಾತು, ತಟ್ಟೆಗಳು ಬಿದ್ದದ್ದು, ತಪ್ಪಿಹೋದ ಆಸ್ಪತ್ರೆ, ಚೆನ್ನಾಗಿದ್ದ ಎಂದದ್ದು. ಒಂದನ್ನೂ ನಯ ಮಾಡಲಿಲ್ಲ. ಅವನು ಹೀಗೆ ಮಾತಾಡಿದ್ದನ್ನು ಆ ಮನೆ ಕೇಳಿಯೇ ಇರಲಿಲ್ಲ.

ಮೊದಲು ಬಾಯಿಬಿಟ್ಟದ್ದು ಅಜ್ಜಿ. "ನೀನ್ಯಾಕೆ ಮೈಮೇಲೆ ಎಳ್ಕೋತೀಯ? ಆ ಹೆಡ್ ಮೇಡಂಗೆ ಹೇಳು, ಅವರು ಹೇಳ್ಲಿ. ನೀನು ಹೇಳಿದ್ದೆ ಅಂತ ಯಾರಿಗೆ ನೆನಪಿರತ್ತೆ?"

"ಆ ಅಮ್ಮನಿಗೆ ನೆನಪಿರತ್ತೆ ಅಜ್ಜಿ," ಎಂದಳು ಮಗಳು. "ಅಪ್ಪ ಹೇಳಿದ್ದನ್ನ ನಂಬಿದೋರಿಗೆ ಎಲ್ಲಾ ನೆನಪಿರತ್ತೆ."

"ನೀನು ಸುಮ್ನಿರು. ದೂರು ಹೋದ್ರೆ ಇವನ ಕೆಲಸ ಹೋಗತ್ತೆ, ಗೊತ್ತಾ?"

"ಹೋಗ್ಲಿ! ಆ ಪಾಪುಗೆ ಕೇಳಿಸ್ತಿಲ್ಲ ಅಜ್ಜಿ!"

ಅವನು ಹೆಂಡತಿಯ ಮುಖ ನೋಡಿದ. ಅವಳು ಕೂದಲಿನಿಂದ ಪ್ಲಾಸ್ಟರಿನ ಒಂದು ಚೂರು ಕಿತ್ತು ತಟ್ಟೆಯ ಅಂಚಿಗಿಟ್ಟಳು. "ನೀವು ಹೇಳಿದ್ರೆ ಕೆಲಸ ಹೋಗತ್ತೆ. ಕೆಲಸ ಹೋದ್ರೆ ಶೋರೂಮಿಗೆ ಹೋಗ್ತೀರಿ. ನಂಗೆ ಬೇಕಾಗಿರೋದೂ ಅದೇನೇ, ಸುಳ್ಳು ಯಾಕೆ ಹೇಳ್ಲಿ? ಈ ಹೆಚ್ಚುವರಿ ಕೆಲಸ ಮಾಡಿ ಮಾಡಿ ನನ್ನ ಕಣ್ಣು ಉರೀತಿದೆ. ಅದಕ್ಕೇ ನಾನು ಹೇಳಿ ಅಂದ್ರೂ ಕಷ್ಟ, ಬೇಡ ಅಂದ್ರೂ ಕಷ್ಟ. ನನ್ನ ಮುಖ ನೋಡ್ಬೇಡಿ. ಈ ಒಂದು ಸಲ ಯಾರ ಮುಖಾನೂ ನೋಡದೆ ತೀರ್ಮಾನ ಮಾಡಿ."

ಮರುದಿನ ಬೆಳಿಗ್ಗೆ ಕಂಡಕ್ಟರ್ ಮಗನನ್ನು ಬಿಡಲು ಬಂದಾಗ ಗ್ಯಾರಂಟಿ ಗೇಟಿನ ಹೊರಗೇ ನಿಂತಿದ್ದ. ಸುತ್ತ ಬೇರೆ ತಂದೆತಾಯಂದಿರೂ ಇದ್ದರು. ಒಳಗೆ ಕರೆದು ಹೇಳಬಹುದಿತ್ತು. ಒಳಗೆ ಕರೆಯುವಷ್ಟರಲ್ಲಿ ತನ್ನ ಬಾಯಿ ಬೇರೆ ದಾರಿ ಹುಡುಕೀತೆಂದು ಅವನಿಗೆ ಭಯ.

"ಅಮ್ಮ, ನಾನು ನಿಮಗೆ ತಪ್ಪು ಹೇಳಿದ್ದೆ. ಇವನಿಗೆ ಕಿವಿ ಕೇಳಿಸ್ತಿಲ್ಲ ಅಂತ ಕಾಣತ್ತೆ. ಇವತ್ತೇ ಆಸ್ಪತ್ರೆಗೆ ಬರೆಸಿ."

"ಏನಂದ್ರಿ? ತಡವಾಗಿ ಮಾತಾಡ್ತಾನೆ ಅಂದ್ರಲ್ಲ?"

"ಅಂದೆ. ನಂಗೇನೂ ಗೊತ್ತಿರಲಿಲ್ಲ. ನಿಮ್ಮ ಮುಖ ನೋಡಿ ಹೇಳಿದೆ. ನೆನ್ನೆ ಮಧ್ಯಾಹ್ನ ಗೊತ್ತಿತ್ತು, ಆಗಲೂ ಹೇಳ್ಲಿಲ್ಲ."

ಅವಳು ಅವನನ್ನು ನಂಬಲಿಲ್ಲ. ನಂಬಿ ಕೆಟ್ಟದ್ದು ಒಂದು ಸಲ ಸಾಲದೇ? ಮಗ ಗೋಡೆಯ ಪಕ್ಕದ ಮಣ್ಣಿನಲ್ಲಿ ಕಡ್ಡಿಯಿಂದ ಗೀರುತ್ತ ಕೂತಿದ್ದ. ಅವಳು ಅವನ ಹಿಂದೆ ಹೋಗಿ ನಿಂತು ಕರೆದಳು. ಪುಟ್ಟಾ, ಎಂದಳು. ಇನ್ನೂ ಜೋರಾಗಿ ಕರೆದಳು. ಕೊನೆಗೆ ಬಸ್ಸಿನಲ್ಲಿ ನಿಲ್ದಾಣ ಕೂಗುವ ಗಂಟಲಿನಲ್ಲಿ ಕೂಗಿದಳು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಹುಡುಗ ಗೀರುತ್ತಲೇ ಇದ್ದ.

ಆಮೇಲೆ ಅವಳು ಗ್ಯಾರಂಟಿಯ ಕಡೆ ತಿರುಗಿದಳು. ಅವನನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಅವನು ಕೈಕಟ್ಟಿ ನಿಂತು ಅಷ್ಟನ್ನೂ ಕೇಳಿಸಿಕೊಂಡ. "ಎಷ್ಟು ದಿನ ಹಾಳು ಮಾಡಿದ್ರಿ!" ಎಂದು ಅಳುತ್ತ ಅವಳು ಮೆಟ್ಟಿಲು ಹತ್ತಿ ಮೇಡಂ ಕೋಣೆಗೆ ಹೋದಳು. ಅದು ನ್ಯಾಯವಾಗಿಯೇ ಇತ್ತು.

ಹೆಡ್ ಮೇಡಂ ದೂರು ಬರೆಸಿಕೊಂಡರು. ಆಸ್ಪತ್ರೆಗೆ ತಾವೇ ಫೋನು ಮಾಡಿ ಗೋಗರೆದು ಟರ್ಮಿನ ಕೊನೆಯ ಶನಿವಾರಕ್ಕೆ ಜಾಗ ಮಾಡಿಸಿದರು. ಆಮೇಲೆ ಅವನಿಗೆ ಹೇಳಿದರು, "ಆ ತಾಯಿ ದೂರು ವಾಪಸ್ ತಗೊಂಡ್ರೆ ನಿಮ್ಮನ್ನ ಉಳಿಸ್ಕೊಳ್ಳೋಕೆ ನಂಗೊಂದು ದಾರಿ ಇರತ್ತೆ. ಇಲ್ಲದಿದ್ರೆ ಸೋಮವಾರ ನಾನು ಬೇರೆಯೋರನ್ನ ಹುಡುಕಬೇಕು. ಅವರು ನಿಮ್ಮನ್ನೂ ಆಸ್ಪತ್ರೆಗೆ ಬನ್ನಿ ಅಂತಿದಾರೆ. ಡಾಕ್ಟರ್ ಹೇಳೋದನ್ನ ನಿಮ್ಮ ಕಿವಿಯಾರೆ ಕೇಳ್ಬೇಕಂತೆ."

ಮನೆಗೆ ಬಂದು ಮೂವರನ್ನೂ ಅಡುಗೆಮನೆಗೆ ಕರೆದು ಇದಿಷ್ಟನ್ನೂ ಹಾಗೇ ಹೇಳಿದ. ಅಜ್ಜಿ ತಲೆಯ ಮೇಲೆ ಕೈಹೊತ್ತು ಕೂತಳು. "ಶನಿವಾರವೇ ಶೋರೂಮಿನೋರ ಗಡುವು ಕಣೋ. ಆ ಹೆಂಗಸಿಗೆ ಏನಾದ್ರೂ ಸಮಾಧಾನ ಹೇಳಿ ದೂರು ವಾಪಸ್ ತಗೊಳ್ಳೋ ಹಾಗೆ ಮಾಡು. ಮಾತಾಡೋದು ನಿನಗೆ ಕಲಿಸಬೇಕಾ?"

"ನಾನೂ ಬರ್ತೀನಿ," ಎಂದಳು ಹೆಂಡತಿ.

"ನೀನ್ಯಾಕೆ?"

"ನೀವು ಅಲ್ಲಿ ಏನು ಹೇಳ್ತೀರೋ ನಾನು ಕೇಳ್ಬೇಕು."

ಆಸ್ಪತ್ರೆಯ ಮೊಗಸಾಲೆಯಲ್ಲಿ ಸಾಲು ಕುರ್ಚಿಗಳು, ನೆಲ ಒರೆಸಿದ ಔಷಧಿಯ ವಾಸನೆ. ಕಂಡಕ್ಟರ್ ಅಂದು ಖಾಕಿಯಲ್ಲಿರಲಿಲ್ಲ, ಅವಳ ಗುರುತೇ ಸಿಗಲಿಲ್ಲ. ಅವಳ ಪಕ್ಕ ಒಂದು ಕುರ್ಚಿ ಬಿಟ್ಟು ಗ್ಯಾರಂಟಿ, ಅವನ ಇನ್ನೊಂದು ಪಕ್ಕ ಅವನ ಹೆಂಡತಿ. ಕಂಡಕ್ಟರ್ ಅವರಿಬ್ಬರನ್ನೂ ಮಾತಾಡಿಸಲಿಲ್ಲ. ಹುಡುಗನೊಬ್ಬನಿಗೇ ಯಾರ ಮೇಲೂ ಸಿಟ್ಟಿರಲಿಲ್ಲ. ಮೇಷ್ಟ್ರ ತೊಡೆಯೇರಿ ಕೂತು, ಬೂಟಿನಿಂದ ಕುರ್ಚಿಯ ಕಾಲಿಗೆ ಒದೆಯುತ್ತಿದ್ದ.

ಪರೀಕ್ಷೆ ಮುಗಿಸಿದ ಡಾಕ್ಟರಮ್ಮ ಎಲ್ಲರಿಗೂ ಕೇಳುವಂತೆ ಬಿಡಿಸಿ ಹೇಳಿದರು. ಎರಡೂ ಕಿವಿಗೆ ಬಹಳ ಕಡಿಮೆ ಕೇಳಿಸುತ್ತದೆ. ಯಂತ್ರ ಹಾಕಬೇಕು, ಕಲಿಸಬೇಕು, ಸಮಯ ಹಿಡಿಯುತ್ತದೆ. ಎಷ್ಟು ಮಾತು ಬಂದೀತೆಂದು ಈಗಲೇ ಹೇಳಲು ಬರುವುದಿಲ್ಲ. ಬೇಗ ಬಂದಿದ್ದರೆ ಒಳ್ಳೆಯದಿತ್ತು. ಆ ಕೊನೆಯ ಮಾತಿಗೆ ಗ್ಯಾರಂಟಿ ಕಣ್ಣು ಮುಚ್ಚಿಕೊಂಡ.

ಹೊರಗೆ ಬಂದ ಮೇಲೆ ಕಂಡಕ್ಟರ್ ಗೋಡೆಗೆ ಒರಗಿ ನಿಂತಳು. ಅಂದು ಮೊದಲ ಬಾರಿಗೆ ಅವನನ್ನು ನೋಡಿದಳು.

"ಸಾರ್, ನೀವು ಇವನ ಜೊತೆ ದಿನಾ ಇರ್ತೀರಿ. ಹೇಳಿ. ಇವನು ಯಾವತ್ತಾದ್ರೂ ನನ್ನ ಅಮ್ಮಾ ಅಂತಾನಾ?"

ಆ ಮುಖ ಅವನಿಗೆ ಚೆನ್ನಾಗಿ ಗೊತ್ತಿತ್ತು. ಜೀವಮಾನವಿಡೀ ಅವನು ಅನ್ನ ಸಂಪಾದಿಸಿದ್ದೇ ಅಂಥ ಮುಖಗಳಿಂದ. ಒಂದೇ ಒಂದು ಮಾತು ಸಾಕಿತ್ತು. ಅಂತಾನಮ್ಮ, ಅನ್ನದೆ ಏನು. ಅವಳು ಅಳುತ್ತ ನಗುತ್ತಿದ್ದಳು, ದೂರು ಹರಿದು ಹೋಗುತ್ತಿತ್ತು, ಸೋಮವಾರ ಅವನ ಕುರ್ಚಿ ಅವನಿಗೇ ಇರುತ್ತಿತ್ತು. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು.

"ನಂಗೆ ಗೊತ್ತಿಲ್ಲಮ್ಮ," ಎಂದ. "ಅನ್ನಬಹುದು, ಅನ್ನದೆಯೂ ಇರಬಹುದು. ಅನ್ನದೆ ಇದ್ರೂ ಅವನು ನಿಮ್ಮನ್ನ ಕರೆಯೋದನ್ನ ಕಲೀತಾನೆ. ಹೇಗೆ ಕಲಿಸ್ಬೇಕು ಅಂತ ನಂಗೂ ಬರಲ್ಲ, ನಾನು ಮೊದಲು ಕಲೀಬೇಕು."

ಕಂಡಕ್ಟರ್ ನಗಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಬಹಳ ಹೊತ್ತು. ಅವನು ಅವಳನ್ನು ಸುಮ್ಮನಾಗಿಸಲು ಹೋಗಲಿಲ್ಲ. ಹಾಗೆ ಕೈಕಟ್ಟಿ ನಿಲ್ಲುವುದು ಅವನಿಗೆಷ್ಟು ಕಷ್ಟವೆಂದು ಅಲ್ಲಿ ಗೊತ್ತಿದ್ದದ್ದು ಅವನ ಹೆಂಡತಿಗೆ ಮಾತ್ರ.

ಕೊನೆಗೆ ಕಂಡಕ್ಟರ್ ಕಣ್ಣೊರೆಸಿಕೊಂಡಳು. "ದೂರು ನಾನು ವಾಪಸ್ ತಗೊಳ್ಳಲ್ಲ. ನೀವು ಮಾಡಿದ್ದು ಮಾಡಿದ್ದೇ."

"ತಗೋಬೇಡಿ," ಎಂದ.

"ಆದ್ರೆ ಇವನು ಬೇರೆಯೋರ ಹತ್ರ ಕೂರಲ್ಲ. ಅದನ್ನೂ ಮೇಡಂಗೆ ಹೇಳ್ತೀನಿ. ಎರಡೂ ಕೇಳ್ಕೊಂಡು ಅವರೇನು ಮಾಡ್ತಾರೋ ಮಾಡ್ಲಿ." ಮಗನನ್ನು ಸೊಂಟಕ್ಕೇರಿಸಿಕೊಂಡು, ಹೋಗಿಬರುತ್ತೇನೆ ಎಂದು ಕೂಡ ಹೇಳದೆ ಹೊರಟಳು. ಹುಡುಗ ಅವಳ ಭುಜದ ಮೇಲಿನಿಂದ ಕೈಬೀಸಿದ.

ಗಂಡಹೆಂಡತಿ ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅವಳ ಫೋನು ಹೊಡೆದುಕೊಂಡಿತು. ಅಜ್ಜಿ. ಅವಳ ಧ್ವನಿ ಪಕ್ಕದವರಿಗೂ ಕೇಳಿಸುವಂಥದ್ದು.

"ಕೆಲಸ ಉಳೀತೇನೆ? ದೂರು ವಾಪಸ್ ತಗೊಂಡ್ಲಾ?"

"ಇಲ್ಲ ಅತ್ತೆ. ಸೋಮವಾರ ಏನಾಗತ್ತೋ ಗೊತ್ತಿಲ್ಲ."

"ಅಂದ್ರೆ ಕೆಲಸ ಹೋದ ಹಾಗೇ. ಶೋರೂಮಿನ ಯಜಮಾನರು ಇನ್ನೊಂದು ಫೋನಲ್ಲಿ ಕಾಯ್ತಿದಾರೆ, ಸಂಜೆಯೊಳಗೆ ಹೇಳ್ಬೇಕಂತೆ. ಬರ್ತಾನೆ ಅಂತ ಹೇಳಿಬಿಡ್ಲಾ?"

ಗ್ಯಾರಂಟಿ ಮೆಟ್ಟಿಲ ಮೇಲೆ ನಿಂತುಬಿಟ್ಟ. ಕಾಯಂ ಆಗದಿದ್ದರೆ ಶೋರೂಮಿಗೆ ವಾಪಸ್ಸು, ಅದು ಟರ್ಮಿನ ಮೊದಲಲ್ಲೇ ಆದ ಒಪ್ಪಂದ. ಅವನು ಅದಕ್ಕೆ ಆಗಲೇ ತಲೆಬಾಗಿದ್ದ, ಹೂಂ ಎನ್ನುವಂತೆ ಸನ್ನೆಯನ್ನೂ ಮಾಡಿದ. ಹೆಂಡತಿ ಅವನನ್ನು ನೋಡಲಿಲ್ಲ. ಕೆಂಪಾದ ಕಣ್ಣುಗಳನ್ನು ಬೆರಳಿನಿಂದ ಒಮ್ಮೆ ಒತ್ತಿಕೊಂಡಳು. ಇನ್ನೂ ಎಷ್ಟು ತಿಂಗಳು ಆ ಪ್ಲಾಸ್ಟರ್ ಪುಡಿ, ಅವಳಿಗೇ ಗೊತ್ತಿರಲಿಲ್ಲ.

"ಬೇಡ ಅತ್ತೆ," ಎಂದಳು. "ಇವರು ಬರಲ್ಲ ಅಂತ ಹೇಳಿ."